ಕಟ್ಟಿಗೆ ಖೋಲಿಯ ಹಂಸ

ಆ ಒಂದು ಚಳಿಗಾಲ ನಾನು ದಿನವೂ ಸಂಜೆ ದೇವರ ಮುಂದೆ ದೀಪ ಹಚ್ಚಿ, ಮೈತುಂಬ ಕೌದಿ ಹೊದ್ದುಕೊಂಡು, ಹಿತ್ತಲಿನ ಕಟ್ಟಿಗೆ ಖೋಲಿಯಲ್ಲಿ ಒಂದು ಬಾತಿನ ಪಕ್ಕ ಕೂತಿರುತ್ತಿದ್ದೆ. ಅದು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ ಹೋಗುವ ತನಕ ನಾನು ಏಳುವ ಹಾಗಿರಲಿಲ್ಲ. ಎದ್ದರೆ ಅದೂ ಎದ್ದು ನನ್ನ ಹಿಂದೆಯೇ ಹೊರಗೆ ಬರುತ್ತಿತ್ತು. ಹೊರಗೆ ನಾಯಿಗಳ ಭಯ. ಒಂದು ಬಾತು ನನ್ನನ್ನು ಬ್ಯಾಡಗಿಯ ಆ ಮನೆಯಲ್ಲಿ ಕಟ್ಟಿಹಾಕಿತ್ತು ಎಂದರೆ ಕೇಳಿದವರು ನಗುತ್ತಾರೆ. ಈಗ ನನಗೂ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಮ್ಮ ಯಜಮಾನರು ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಊರಿನ ಅಂಚಿಗೆ ಬಾಡಿಗೆ ಮನೆ. ಮುಂದೆ ಓಣಿ, ಹಿಂದೆ ಆಳೆತ್ತರದ ಗೋಡೆಯ ಹಿತ್ತಲು, ಅದರೊಳಗೆ ಒಂದು ಚಿಕ್ಕು ಗಿಡ, ಬಟ್ಟೆ ಒಗೆಯುವ ಕಲ್ಲು, ನೀರು ತುಂಬಿಡುವ ಕಲ್ಲಿನ ದೋಣಿ. ಮಳೆಗಾಲದಲ್ಲಿ ಆ ಒಗೆಯುವ ಕಲ್ಲಿನ ಸಂದಿಯಲ್ಲಿ ಹಾವು ಕಂಡಿತು. ಬಾತು ಸಾಕಿದರೆ ಹಾವು ಹತ್ತಿರ ಸುಳಿಯುವುದಿಲ್ಲ ಎಂದು ಅಂಗಡಿಯಲ್ಲಿ ಯಾರೋ ಹೇಳಿದರಂತೆ. ಮುಂದಿನ ರಜೆಯ ದಿನ ಇವರು ರಾಣೆಬೆನ್ನೂರಿಗೆ ಹೋಗಿ ಪರಿಚಯದವರೊಬ್ಬರ ಹತ್ತಿರ ಒಂದು ಜೋಡಿ ಬಿಳಿ ಹೆಬ್ಬಾತು ತಂದರು. ಬುಟ್ಟಿಯ ಬಾಯಿಗೆ ಟವೆಲ್ಲು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು.

ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಅತ್ತೆ ಬಾಗಿಲಲ್ಲೇ ತಡೆದರು.

"ಇದೇನೋ ಇದು? ನಮ್ಮ ಮನ್ಯಾಗ ಕೋಳಿ? ನಾಳಿ ಬೀಗರು ಬಂದ್ರ ಏನಂದಾರು?"

"ಕೋಳಿ ಎಲ್ಲೈತೆವ್ವಾ? ಕುತ್ತಿಗಿ ನೋಡು ಎಷ್ಟು ಉದ್ದ ಐತಿ. ಹಂಸದ ಜಾತಿ ಇದು."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಒಳಗೆ ಹೋಗಿ, ದೇವರ ಖೋಲಿಯ ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ನಿಂತ ಹಂಸವನ್ನು ನೋಡಿ ಬಂದರು. ಮತ್ತೆ ಬುಟ್ಟಿಯ ಮೇಲೆ ಬಗ್ಗಿದರು. ಒಳಗಿನದು ಅವರ ಬಳೆಯನ್ನು ಕಚ್ಚಿ ಎಳೆಯಿತು.

"ಮೂಗು ಸ್ವಲ್ಪ ದಪ್ಪ ಐತಿ. ಇರ್ಲಿ, ಒಳಗ ತಗೊಂಡು ಬಾ," ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಬಾತುಕೋಳಿ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಹಂಸ ಅನ್ನಬೇಕು. ಮನೆದೇವರು ದೇವರಗುಡ್ಡದ ಮೈಲಾರಲಿಂಗ. ರವಿವಾರ ಪೂಜೆ ಮುಗಿದ ಮೇಲೆ ಅತ್ತೆ ದೇವರ ಭಂಡಾರವನ್ನು, ಎಂದರೆ ಪೂಜೆಯ ಅರಿಸಿನವನ್ನು, ಒಂದು ಚಿಟಿಕೆ ತಂದು ಎರಡರ ತಲೆಯ ಮೇಲೂ ಉದುರಿಸುತ್ತಿದ್ದರು. ಅವು ತಲೆ ಕೊಡವಿ ಓಡುತ್ತಿದ್ದವು. ಹಾವು ಮಾತ್ರ ಮತ್ತೆ ಕಾಣಲಿಲ್ಲ. ಅದನ್ನು ನಾನು ದೇವರ ಕೃಪೆ ಎಂದೇ ಹಿಡಿದೆ. ಆ ಮನೆಯಲ್ಲಿದ್ದಷ್ಟು ವರ್ಷ ನಾನು ಹೀಗೆ ಸಣ್ಣ ಸಣ್ಣದನ್ನೇ ಆರಿಸಿ ಎತ್ತಿಟ್ಟುಕೊಳ್ಳುತ್ತಿದ್ದೆ. ದೊಡ್ಡದನ್ನು ಕೇಳುವ ಧೈರ್ಯ ಇರಲಿಲ್ಲ.

ದೀಪಾವಳಿ ಕಳೆದು ಚಳಿ ಬೀಳತೊಡಗಿದಾಗ ಹೆಣ್ಣನ್ನು ನಾಯಿ ಹಿಡಿಯಿತು. ಬೆಳಗಿನ ಜಾವ ಗಟಾರದ ಕಿಂಡಿಯಿಂದ ನುಗ್ಗಿತ್ತು. ನಾವು ಹೊರಗೆ ಬರುವಷ್ಟರಲ್ಲಿ ಚಿಕ್ಕು ಗಿಡದ ಕೆಳಗೆ ಬಿಳಿ ಗರಿ ಬಿಟ್ಟರೆ ಏನೂ ಇರಲಿಲ್ಲ. ಗಂಡು ನೀರಿನ ದೋಣಿಯ ದಂಡೆಯ ಮೇಲೆ ನಿಂತು ಕೂಗುತ್ತಿತ್ತು. ಆ ದಿನವಿಡೀ ಕೂಗಿತು.

ಇವರು ಕಿಂಡಿಗೆ ಇಟ್ಟಂಗಿ ಇಟ್ಟು ಸಿಮೆಂಟು ಮೆತ್ತಿದರು. ಆದರೂ ನಾಯಿಗಳು ಗೋಡೆಯ ಆಚೆ ಸುಳಿದಾಡುವುದು ಕೇಳುತ್ತಿತ್ತು. ಉಳಿದ ಒಂದನ್ನು ಕತ್ತಲಾಗುವ ಮುಂಚೆ ಒಳಗೆ ಕೂಡಲೇಬೇಕು ಎಂದಾಯಿತು. ಹಿತ್ತಲಿನ ಮೂಲೆಯಲ್ಲಿ ತಗಡಿನ ಮಾಡಿನ ಕಟ್ಟಿಗೆ ಖೋಲಿ ಇತ್ತು. ಕಟ್ಟಿಗೆಯನ್ನು ಒಂದು ಬದಿಗೆ ಒಟ್ಟಿ ನೆಲ ಗುಡಿಸಿದೆ. ಅದಕ್ಕೆ ಬಾಗಿಲಿರಲಿಲ್ಲ, ಗೋಡೆ ತುಂಬ ಸಂದಿಗಳು, ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಡುತ್ತಿತ್ತು. ಯಜಮಾನರು ಅಂಗಡಿಯಿಂದ ಖಾಲಿ ಚೀಲಗಳನ್ನು ತಂದರು. ಬ್ಯಾಡಗಿಯಲ್ಲಿ ಏನನ್ನು ಮುಚ್ಚಬೇಕಾದರೂ ಮೊದಲು ಕೈಗೆ ಸಿಗುವುದು ಮೆಣಸಿನಕಾಯಿ ಚೀಲ. ಬಚ್ಚಲಿಗೆ ಪರದೆ ಅದೇ, ಹೊಸ್ತಿಲಲ್ಲಿ ಕಾಲು ಒರೆಸಲು ಅದೇ, ಎಮ್ಮೆ ಕಟ್ಟಿದವರ ಮನೆಯಲ್ಲಿ ಎಮ್ಮೆಗೆ ಹೊದಿಕೆಯೂ ಅದೇ. ನಾವಿಬ್ಬರೂ ಚೀಲಗಳನ್ನು ಸೀಳಿ ಗೋಡೆಯ ಸುತ್ತ ಮೊಳೆ ಹೊಡೆದು ಕಟ್ಟಿದೆವು, ನೆಲಕ್ಕೆ ಎರಡು ಮಡಿಕೆ ಹಾಸಿದೆವು, ಬಾಗಿಲಿಗೂ ಚೀಲ ಹೊಲಿದು ಪರದೆ ಮಾಡಿ ಹೊರಗಿನಿಂದ ಹಲಗೆ ಆನಿಸಿದೆವು. ಒಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಅತ್ತೆ ಇಣುಕಿ ನೋಡಿ, "ಹಂಸಕ್ಕ ಅರಮನಿ ಆತಲ್ಲೋ," ಎಂದು ಮಗನನ್ನು ಹೊಗಳಿದರು.

ಹಂಸ ಅರಮನೆಯೊಳಗೆ ಕಾಲಿಡಲಿಲ್ಲ. ನುಚ್ಚು ಚೆಲ್ಲಿದರೂ ಇಲ್ಲ, ಅಟ್ಟಿದರೂ ಇಲ್ಲ. ಪರದೆಯ ತನಕ ಬಂದು, ಕುತ್ತಿಗೆ ಹಿಂದಕ್ಕೆ ಎಳೆದುಕೊಂಡು ನಿಂತುಬಿಡುತ್ತಿತ್ತು. ನಾನು ಒಳಗೆ ಹೋಗಿ ಕೂತು ಕರೆದರೆ ಮಾತ್ರ ತಲೆ ತಗ್ಗಿಸಿ ಬರುತ್ತಿತ್ತು. ಬಂದ ದಿನದಿಂದ ಅದಕ್ಕೆ ನುಚ್ಚು, ಸೊಪ್ಪು ಹಾಕಿದವಳು ನಾನು. ಜೋಡಿ ಹೋದ ಮೇಲೆ ಅದಕ್ಕೆ ಲೋಕದಲ್ಲಿ ನಾನೊಬ್ಬಳೇ ಉಳಿದೆ ಅನ್ನಿಸಿರಬೇಕು. ಹಗಲೂ ಹಾಗೆಯೇ. ನಾನು ಪಾತ್ರೆ ತಿಕ್ಕಿದರೆ ಪಕ್ಕದಲ್ಲಿ, ಬಟ್ಟೆ ಒಗೆದರೆ ಪಕ್ಕದಲ್ಲಿ. ನಾನು ಹತ್ತಿರ ಕೂತರೆ ತಿನ್ನುತ್ತಿತ್ತು, ಎದ್ದರೆ ಬಿಡುತ್ತಿತ್ತು. ಸೋಮವಾರ ಗುಡಿಗೆ ಹೋಗೋಣವೆಂದು ಮುಂದಿನ ಬಾಗಿಲು ದಾಟಿದರೆ ಸಾಕು, ಹಿತ್ತಲಿನಲ್ಲಿ ಕಹಳೆ ಊದಿದ ಹಾಗೆ ಶುರುಮಾಡುತ್ತಿತ್ತು. ನಾನು ತಿರುಗಿ ಬರುವ ತನಕ ನಿಲ್ಲಿಸುತ್ತಿರಲಿಲ್ಲ. ಒಂದೆರಡು ಸಲ ಅರ್ಧ ದಾರಿಯಿಂದ ಹಿಂದಿರುಗಿದೆ. ಆಮೇಲೆ ಗುಡಿಗೆ ಹೋಗುವುದನ್ನೇ ಬಿಟ್ಟು, ದೋಣಿಯ ಹತ್ತಿರ ನಿಂತು ಗುಡಿಯ ದಿಕ್ಕಿಗೆ ಕೈ ಮುಗಿಯುತ್ತಿದ್ದೆ.

ಅದು ಮೆಣಸಿನಕಾಯಿ ಸುಗ್ಗಿ. ಇವರು ನಸುಕಿನಲ್ಲಿ ಹೋದರೆ ಊಟಕ್ಕೂ ಬರುತ್ತಿರಲಿಲ್ಲ. ಓಣಿಯಲ್ಲಿ ಟ್ರ್ಯಾಕ್ಟರು, ಲಾರಿ. ಕೆಂಪು ಧೂಳು ದೇವರ ಖೋಲಿಗೆ ಬಂದು ಕೂರುತ್ತದೆಂದು ಅತ್ತೆ ಸುಗ್ಗಿ ಮುಗಿಯುವ ತನಕ ಮುಂದಿನ ಕಿಟಕಿಗಳನ್ನು ತೆರೆಯಗೊಡುತ್ತಿರಲಿಲ್ಲ. ಮೊಣಕಾಲು ನೋವಿನಿಂದ ಅವರು ಚಳಿಗಾಲವೆಲ್ಲ ನಡುಮನೆಯಲ್ಲಿ ಹೊರಸಿನ ಮೇಲೆ ಕೂತಿರುತ್ತಿದ್ದರು. ಒಳಗೆ ಅವರು, ಹಿಂದೆ ಬಾತು, ನಡುವೆ ನಾನು. ಚಳಿಯ ಗಾಳಿಗೆ ಸಂಜೆ ರೈಲಿನ ಸೀಟಿ ಹತ್ತಿರವೇ ಕೂಗಿದಂತೆ ಕೇಳುತ್ತಿತ್ತು. ಹುಬ್ಬಳ್ಳಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿ. ಹಾವೇರಿ ದಾಟಿದರೆ ನನ್ನ ತವರೂರು ಕರ್ಜಗಿ. ಸೀಟಿ ಕೇಳಿದಾಗ ಬಾತು ಕುತ್ತಿಗೆ ನೆಟ್ಟಗೆ ಮಾಡಿ ಒಂದು ಸಲ ಉತ್ತರ ಕೊಡುತ್ತಿತ್ತು. ನಾನು ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಖೋಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ತವರು ನೆನಪಾಗಿ ಬರುತ್ತದೆ ಎಂದುಕೊಂಡೆ. ನೆನಪಾಗುತ್ತಿದ್ದುದು ಸುಳ್ಳಲ್ಲ. ಹೊದ್ದ ಕೌದಿಯೇ ನನ್ನ ಮದುವೆಯಲ್ಲಿ ಅವ್ವ ಹೊಲಿದು ಕೊಟ್ಟದ್ದು. ಅವಳ ಹಳೆಯ ಸೀರೆ, ನನ್ನ ಲಂಗ, ಎಲ್ಲವೂ ತುಂಡು ತುಂಡಾಗಿ ಅದರಲ್ಲಿದ್ದವು. ಬಾತೂ ತಲೆ ಕೊಡವುತ್ತಿತ್ತು, ಮೂಗಿನಿಂದ ಫುಸ್ ಎನ್ನುತ್ತಿತ್ತು, ಕಣ್ಣು ಮುಚ್ಚಿ ತೆರೆದು ಮಾಡುತ್ತಿತ್ತು. ಅದಕ್ಕೂ ತನ್ನ ಜೋಡಿಯ ನೆನಪು ಎಂದುಕೊಂಡೆ. ಶಿವನೇ, ಇಬ್ಬರನ್ನೂ ಒಂದೇ ಖೋಲಿಯಲ್ಲಿ ಕೂಡಿಸಿದಿ, ಒಬ್ಬರಿಗೊಬ್ಬರು ಅಂತ ಮಾಡಿದಿ, ಅದೇ ದೊಡ್ಡದು ಎಂದು ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಒಳಗೆ ಬಂದರೆ ಅತ್ತೆ ನನ್ನ ಮುಖ ನೋಡುತ್ತಿದ್ದರು.

"ಮುತ್ತೈದಿ ದೀಪ ಹಚ್ಚೂ ಹೊತ್ತಿನ್ಯಾಗ ದಿನಾ ಕಣ್ಣೀರು ಹಾಕಿದ್ರ ಮನಿಗೆ ಬರಕತ್ತು ಇರಂಗಿಲ್ಲ. ಇಲ್ಲೇನು ನಿನ್ನ ಉಪವಾಸ ಕೆಡವೀವೇನು?"

"ಅಳಾಕತ್ತಿಲ್ರಿ."

"ಹಂಗಾರ ಕಣ್ಣಾಗ ಗಂಗಾ ಹುಟ್ಯಾಳೇನು? ಓಣಿ ಮಂದಿ ನೋಡಿದ್ರ ಅತ್ತಿ ಕಾಡತಾಳ ಅಂತಾರ."

ಬಾತಿನ ಬಿಳಿ ಗರಿ ಎದೆಯ ಹತ್ತಿರ, ರೆಕ್ಕೆಯ ಅಂಚಿಗೆ ನಿಧಾನವಾಗಿ ಕೇಸರಿ ಬಣ್ಣಕ್ಕೆ ತಿರುಗಿತ್ತು. ಭಂಡಾರದ ಕಲೆ ಇರಬೇಕು ಎಂದುಕೊಂಡೆ. ಅತ್ತೆ ನೋಡಿದವರೇ, "ಹೆಂಡ್ತಿ ಹೋದ ಮ್ಯಾಲೆ ಕಾವಿ ಉಟ್ಟೈತಿ ನೋಡು. ಗಂಡಸರಿಗೂ ಇಷ್ಟು ವೈರಾಗ್ಯ ಬರಂಗಿಲ್ಲ," ಎಂದರು. ಯಜಮಾನರು ಆಗಷ್ಟೇ ಊಟಕ್ಕೆ ಕೂತಿದ್ದರು. ತಲೆ ಎತ್ತಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮುಸಲ್ಮಾನ ಹೆಣ್ಣುಮಗಳಿದ್ದಳು. ಅವಳನ್ನು ಓಣಿಯವರೆಲ್ಲ ಆಪಾ ಎನ್ನುತ್ತಿದ್ದರು. ಅವಳು ಕೋಳಿ ಸಾಕಿದ್ದಳು. ಒಂದು ದಿನ ಗೋಡೆಯ ಮೇಲಿನಿಂದ ಮುಖ ಹಾಕಿ ಹೇಳಿದಳು.

"ಅಕ್ಕಾ, ಈ ಬದಕ್ ಅಕೇಲಾ ಉಳಿಯಾಂಗಿಲ್ರಿ. ಜೋಡಿ ಬೇಕು ಅದಕ್ಕ. ಇಲ್ಲಾಂದ್ರ ಹಿಂಗ ಸೊರಗಿ ಸೊರಗಿ ಹೋಗತೈತಿ. ನನ್ನ ಒಂದು ಕೋಳಿ ಕೊಡ್ಲೇನು, ನೋಡ್ರಿ?"

"ಅತ್ತಿ ಒಪ್ಪಾಂಗಿಲ್ಲ ಆಪಾ."

"ಹಂಸದ ತಂಗಿ ಅಂತ ಹೇಳ್ರಿ. ಅಜ್ಜಿಗೆ ಚಾಳೀಸು ಹಾಕ್ಕೊಳ್ಳದ ಏನು ಕಾಣತೈತಿ?"

ಅತ್ತೆ ನಡುಮನೆಯಿಂದಲೇ, "ಕಾಣದಿದ್ರೂ ಕೇಳತೈತಿ ಬಿಡವಾ," ಎಂದು ಕೂಗಿದರು. ಆಪಾ ನಗುತ್ತ ಮುಖ ಇಳಿಸಿಕೊಂಡಳು. ಆದರೂ ಮಧ್ಯಾಹ್ನ ಅತ್ತೆ ಮಲಗಿದಾಗ ಒಂದು ಕೆಂಪು ಹೇಂಟೆಯನ್ನು ಗೋಡೆಯ ಮೇಲಿನಿಂದ ನನ್ನ ಕೈಗೆ ಇಳಿಸಿದಳು. ಬಾತು ಅದನ್ನು ಒಂದು ಗಳಿಗೆ ನೋಡಿತು. ಆಮೇಲೆ ರೆಕ್ಕೆ ಬಿಚ್ಚಿ ಅಟ್ಟಿಸಿಕೊಂಡು ಹೋದ ರಭಸಕ್ಕೆ ಹೇಂಟೆ ಚಿಕ್ಕು ಗಿಡ ಹತ್ತಿ, ಗೋಡೆ ಹಾರಿ, ತನ್ನ ಮನೆ ತಾನೇ ಸೇರಿತು.

ಯಜಮಾನರು ಮತ್ತೆ ರಾಣೆಬೆನ್ನೂರಿಗೂ ಹೋಗಿ ಬಂದರು. ಆ ಪರಿಚಯದವರು ಬಾತುಗಳನ್ನೆಲ್ಲ ಆಗಲೇ ಕೊಟ್ಟುಬಿಟ್ಟಿದ್ದರು. ಕುಪ್ಪೇಲೂರಿನಲ್ಲಿ ಯಾರದೋ ಮನೆಯಲ್ಲಿವೆ ಎಂದರಂತೆ. ಇವರು ಅಲ್ಲಿಗೂ ಹೋದರು. ಅವರು, ಬೇಸಿಗೆಗೆ ಮರಿಯಾದರೆ ನೋಡೋಣ ಎಂದು ಚಹಾ ಕುಡಿಸಿ ಕಳಿಸಿದರು. ಇವರು ಬರಿಗೈಯಲ್ಲಿ ಬಂದು ದೋಣಿಯ ದಂಡೆಯ ಮೇಲೆ ಕೂತು, "ಬ್ಯಾಸಗಿ ತನಕ ನೀನ ಅದರ ಜೋಡಿ," ಎಂದು ನನಗೆ ಹೇಳಿದರು. ಚೇಷ್ಟೆಗೆಂದು ಹೇಳಿದ್ದು. ನನಗೆ ನಗು ಬರಲಿಲ್ಲ.

ಯಾಕೆಂದರೆ ಅದೇ ವಾರ ಅಂಗಡಿಯ ಫೋನಿಗೆ ಅಣ್ಣ ಫೋನು ಮಾಡಿದ್ದ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರಲ್ಲಿ ಬೆಳಕು ಬಿಟ್ಟು ಏನೂ ಕಾಣದು, ಇನ್ನೊಂದರಲ್ಲಿ ಮಬ್ಬು. ಎಳ್ಳಮಾವಾಸ್ಯೆ ಕಳೆದ ಮೇಲೆ ಹಾವೇರಿಯ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಶನ್ನು ಎಂದು ನಿಕ್ಕಿಯಾಗಿತ್ತು. ಅತ್ತಿಗೆ ಹೆರಿಗೆಗೆ ತನ್ನ ತವರಿಗೆ ಹೋಗಿದ್ದಳು. ಕಣ್ಣಿಗೆ ಔಷಧ ಹಾಕಲು, ಅವ್ವ ಬಗ್ಗದಂತೆ, ನೀರು ತಾಗದಂತೆ ನೋಡಿಕೊಳ್ಳಲು ಮನೆಯಲ್ಲಿ ಹೆಣ್ಣುದಿಕ್ಕು ಯಾರೂ ಇರಲಿಲ್ಲ. ಅವಳನ್ನು ಬ್ಯಾಡಗಿಗೆ ಕರೆತರೋಣವೆಂದರೆ ಹಸಿ ಕಣ್ಣಿಗೆ ಧೂಳು ತಾಗಬಾರದು ಎಂದು ಡಾಕ್ಟರು ಹೇಳಿದ್ದರು, ಸುಗ್ಗಿಯಲ್ಲಿ ಬ್ಯಾಡಗಿ ಎಂದರೆ ಧೂಳೇ. ನಾನು ಹೋಗಬೇಕು. ನಾನು ಹೋಗದಿದ್ದರೆ ಅವ್ವ ಆಪರೇಶನ್ನು ಬೇಡವೆನ್ನುತ್ತಾಳೆ. ಯುಗಾದಿ ಆಗಲಿ, ಮಳೆಗಾಲ ಆಗಲಿ ಎನ್ನುತ್ತಾಳೆ. ಅಷ್ಟರಲ್ಲಿ ಉಳಿದ ಮಬ್ಬೂ ಹೋದೀತು.

ನಾನು ಹೋದರೆ ಈ ಬಾತು ಉಪವಾಸ ಬೀಳುತ್ತದೆ. ಕತ್ತಲಾದ ಮೇಲೂ ಹೊರಗೆ ನಿಂತು ಕೂಗುತ್ತದೆ. "ದೇವರ ವಾಹನ ನಮ್ಮ ಮನ್ಯಾಗ ಅನ್ನ ನೀರು ಬಿಟ್ಟು ಸತ್ರ ಆ ಪಾಪ ಯಾರ ತಲಿಮ್ಯಾಲೆ?" ಎಂದು ಅತ್ತೆ ಕೇಳಿದರು. ಅವರು ಕೇಳದಿದ್ದರೂ ನಾನೇ ಕೇಳಿಕೊಳ್ಳುತ್ತಿದ್ದೆ. ಅದು ಹಂಸವೋ ಬಾತೋ, ಜೀವ ತಾನೇ. ಒಂದು ಕಡೆ ಹೆತ್ತವಳ ಕಣ್ಣು, ಇನ್ನೊಂದು ಕಡೆ ನಂಬಿ ಪಕ್ಕದಲ್ಲಿ ಕೂತ ಜೀವ. ದೇವರಗುಡ್ಡದ ದಿಕ್ಕಿಗೆ ನಿಂತು ಕೇಳಿದೆ. ಸೀಟಿ ಬಂತು, ಗಾಡಿ ಹೋಯಿತು.

ಕರೆಯಲು ತವರಿನವರು ಬಂದರೆ ಮಾತ್ರ ಹೆಣ್ಣುಮಗಳು ಹೊರಡುವುದು ನಮ್ಮಲ್ಲಿ ಪದ್ಧತಿ. ಅಣ್ಣನೊಬ್ಬನೇ ಬರುತ್ತಾನೆ ಎಂದುಕೊಂಡಿದ್ದೆ. ಅವ್ವನೂ ಅವನ ತೋಳು ಹಿಡಿದುಕೊಂಡು ಬಂದಳು. ಅಣ್ಣ ಅವಳನ್ನು ಬಾಗಿಲಲ್ಲಿ ಬಿಟ್ಟು ಇವರನ್ನು ಮಾತಾಡಿಸಲು ಪೇಟೆಗೆ ಹೋದ. ಅವ್ವ ನಡುಮನೆಯಲ್ಲಿ ಗೋಡೆಗೆ ಆತು ಕೂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟನ್ನು ಅತ್ತೆಯ ಕಡೆ ಸರಿಸಿದಳು. ಸರಿಸಿದ್ದು ಅತ್ತೆ ಇಲ್ಲದ ಕಡೆಗೆ. ಅತ್ತೆ ತಾವೇ ಕೈ ಚಾಚಿ ಎಳೆದುಕೊಂಡರು.

"ಬೀಗತ್ಯಾರ, ನಾಕು ದಿನ ಮಗಳನ್ನ ಕಳಿಸಿಕೊಡ್ರಿ," ಎಂದಳು ಅವ್ವ.

"ನಾ ಬ್ಯಾಡ ಅಂದೇನೇನ್ರಿ? ನಿಮ್ಮ ಮಗಳನ್ನ ನಾ ಹಿಡಕೊಂಡಿಲ್ಲ. ಹಿತ್ತಲದಾಗ ಒಂದು ಹಂಸ ಐತಿ, ಅದನ್ನ ಕೇಳ್ರಿ."

ಅತ್ತೆ ಚುಚ್ಚಿ ಹೇಳಿದ್ದು. ಅವ್ವ ಮಾತ್ರ ಸೆರಗು ಸರಿಮಾಡಿಕೊಂಡು ಎದ್ದುಬಿಟ್ಟಳು. "ಕೇಳ್ತೀನಿ ತಗೋರಿ. ಎಲ್ಲೈತದು? ನಡಿ ಮಗಳ."

ಹೊತ್ತು ಇಳಿದಿತ್ತು. ಬಾತು ಖೋಲಿಯ ಪರದೆಯ ಹೊರಗೆ ನಿಂತು ನನ್ನ ದಾರಿ ನೋಡುತ್ತಿತ್ತು. ಅವ್ವ ಗೋಡೆಯ ಮೇಲೆ ಕೈಯಾಡಿಸುತ್ತ ಬಂದಳು. ಅತ್ತೆಗೂ ಕುತೂಹಲ; ಕೋಲು ಊರಿಕೊಂಡು ಹಿತ್ತಲ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತರು. ನಾನು ಹಲಗೆ ಸರಿಸಿದೆ. ಅವ್ವ ಪರದೆ ಎತ್ತಿ ತಲೆ ಒಳಗೆ ಹಾಕಿದಳು. ಒಂದು ಸಲ ಸೀನಿದಳು.

"ಶಿವನ. ಒಂಟಿ ಸೀನು," ಎಂದರು ಅತ್ತೆ. "ಈಗಷ್ಟ ಹೋಗೂ ಮಾತು ತಗದಿವಿ, ಅಪಶಕುನ ಆತು."

ಅವ್ವ ಮತ್ತೆ ಸೀನಿದಳು.

"ಜೋಡಿ ಆತು. ಅಡ್ಡಿಯಿಲ್ಲ."

ಮೂರನೆಯದೂ ಬಂತು.

"ಮತ್ತ ಒಂಟಿ ಮಾಡಿದಿರಲ್ರಿ ಬೀಗತ್ಯಾರ. ಇನ್ನೊಂದು ಸೀನ್ರಿ, ಮುಗಿಸಿಬಿಡ್ರಿ."

ಅವ್ವ ಮುಗಿಸಲಿಲ್ಲ. ಒಂದರ ಮೇಲೊಂದು ಬಂದವು. ಅತ್ತೆ ಬೆರಳು ಮಡಚಿ ಸ್ವಲ್ಪ ಹೊತ್ತು ಲೆಕ್ಕ ಹಿಡಿದರು, ಆಮೇಲೆ ಕೈ ಕೆಳಗಿಟ್ಟರು. ಅವ್ವ ಸೆರಗಿನಿಂದ ಮೂಗು ಹಿಡಿದು ಹೊರಗೆ ಬಂದಳು. ಕಾಣದ ಕಣ್ಣುಗಳಿಂದ ದಳದಳ ನೀರು.

"ಏನು ಇಟ್ಟೀರಿ ಒಳಗ? ಒಗ್ಗರಣಿ ಹೊತ್ತಿಸಿದಂಗ ಐತಿ."

"ಏನಿಲ್ಲವ್ವಾ, ಕಟ್ಟಿಗಿ ಅದಾವು. ಥಂಡಿಗೆ ಚೀಲ ಕಟ್ಟೇವಿ."

"ಯಾವ ಚೀಲ?"

"ಮೆಣಸಿನಕಾಯಿ ಚೀಲ."

ಬಾತು ಪಕ್ಕದಲ್ಲಿ ನಿಂತು ತಲೆ ಕೊಡವಿತು. "ನಂದು ಕಣ್ಣು ಹೋಗ್ಯಾವು," ಎಂದಳು ಅವ್ವ. "ನಿಮ್ಮ ಊರಾಗ ಯಾರಿಗೂ ಮೂಗು ಇಲ್ಲೇನು?"

ನಾನು ಗೋಡೆಯ ಚೀಲದ ಮೇಲೆ ಕೈಯಾಡಿಸಿ ನೋಡಿದೆ. ಅಂಗೈ ಕೆಂಪಾಯಿತು. ಇಷ್ಟು ದಿನ ಅಲ್ಲೇ ಬೆನ್ನು ಆನಿಸಿ ಕೂತವಳು ನಾನು. ಹುಟ್ಟಿನಿಂದ ಆ ಊರಿನವಳಲ್ಲದಿದ್ದರೂ ಅಷ್ಟು ವರ್ಷಗಳಲ್ಲಿ ನನ್ನ ಮೂಗೂ ಬ್ಯಾಡಗಿಯದೇ ಆಗಿಬಿಟ್ಟಿತ್ತು. ಅತ್ತೆಗೆ ಮಾತ್ರ ಊರಿನ ಮರ್ಯಾದೆ ದೊಡ್ಡದು.

"ಚೀಲದಾಗೇನೈತ್ರಿ? ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು. ಖಾರ ಎಲ್ಲಿಂದ ಬರಬೇಕು?" ಎಂದು, ನನ್ನಿಂದ ಒಂದು ತುಂಡು ಹರಿಸಿ ತರಿಸಿಕೊಂಡು ಮೂಸಿದರು. ಮುಖ ಹಿಂಡಿತು. "ಇವು ನಮ್ಮ ಚೀಲ ಅಲ್ಲ. ಗುಂಟೂರು ಕಾಯಿ ತುಂಬಿದ್ದಿರಬೇಕು."

ಸಂಜೆ ಅತ್ತೆ ಯಜಮಾನರನ್ನು ಕೇಳಿದಾಗ ಅವರು ಮೀಸೆಯೊಳಗೇ ನಕ್ಕು, ಹೌದವ್ವಾ, ಗುಂಟೂರಿನವೇ ಎಂದರು.

ಆದರೆ ಅದಕ್ಕೂ ಮೊದಲು, ಅವ್ವ ಮುಖ ತೊಳೆದುಕೊಳ್ಳುತ್ತಿದ್ದಾಗ, ಅತ್ತೆ ನನ್ನನ್ನು ಹತ್ತಿರ ಕರೆದರು. "ಹಂಗಾರ ನೀ ಇಷ್ಟು ದಿನ ಅಳಾಕತ್ತಿದ್ದಿಲ್ಲ?"

"ಇಲ್ರಿ," ಎಂದೆ. ನಾನು ಅಳುತ್ತಿದ್ದೆನೋ ಇಲ್ಲವೋ ನನಗೇ ತಿಳಿದಿರಲಿಲ್ಲ ಎಂದು ಹೇಗೆ ಹೇಳಲಿ. ಅವರ ಮುಖದಲ್ಲಿ ಏನೋ ಒಂದು ಸಡಿಲಾಯಿತು. "ನಾ ಓಣಿ ಮಂದಿಗೆಲ್ಲ ನನ್ನ ಸೊಸಿ ತವರು ತವರು ಅಂತ ಅಳತಾಳ ಅಂದಿದ್ದೆ," ಎಂದರು, ಯಾರಿಗೋ ಹೇಳುವ ಹಾಗೆ.

ಮರುದಿನ ಚೀಲಗಳನ್ನೆಲ್ಲ ಕಿತ್ತು ತೆಗೆದೆವು. ಅಕ್ಕಿಯ ಚೀಲ ತೊಳೆದು ಒಣಗಿಸಿ ಕಟ್ಟಿದೆ, ನೆಲಕ್ಕೆ ಒಣಹುಲ್ಲು ದಪ್ಪಗೆ ಹಾಸಿದೆ, ಮಾಡಿನ ಕೆಳಗೆ ಒಂದು ಸಂದಿಯನ್ನು ಗಾಳಿಗೆಂದು ತೆರೆದೇ ಬಿಟ್ಟೆ. ದೋಣಿ ತುಂಬಿಸಿದರೆ ಬಾತು ತಾನೇ ಇಳಿದು ಬಹಳ ಹೊತ್ತು ಮೈ ತೊಳೆಯಿತು. ನೀರು ಕೆಂಪಾಯಿತು, ಕಾವಿ ಬಿಟ್ಟಿತು. ಸಂಜೆ ನಾನು ದೀಪ ಹಚ್ಚಿ ಬರುವಷ್ಟರಲ್ಲಿ ಅದು ಒಳಗೆ ಹುಲ್ಲಿನ ಮೇಲೆ ಕೂತಿತ್ತು. ಕರೆಯದೆ, ನಾನಿಲ್ಲದೆ. ನಾನು ಪರದೆ ಹಿಡಿದು ನಿಂತು ಶಿವ ಶಿವ ಎಂದೆ.

ಕತ್ತಲೆಯ ಮಾತು ಬಗೆಹರಿಯಿತು. ಹಗಲು ಹಾಗೆಯೇ ಉಳಿಯಿತು. ನಾನು ಒಳಗೆ ಹೋದರೆ ನುಚ್ಚು ಬಿಟ್ಟು ಎದ್ದು ಬರುವುದು, ಕೂಗುವುದು. ಅವ್ವ ಕರ್ಜಗಿಗೆ ತಿರುಗಿ ಹೋಗಿದ್ದಳು. ಹೋಗುವಾಗ, "ಆದ್ರ ಬಾ. ಆಗದಿದ್ರ ನಾ ಮುಂದ ಹಾಕ್ತೀನಿ," ಎಂದಿದ್ದಳು. ನಾನು ಹೆದರಿದ್ದ ಮಾತೇ ಅದು.

ಆ ನಡುವೆ ಕೌದಿಯ ಖಾರದ ವಾಸನೆ ಹೋಗಲೆಂದು ನಾನು ಅದನ್ನು ಒಗೆದು, ಹಳೆಯ ಹೊರಸನ್ನು ಹಿತ್ತಲಿಗೆ ತಂದು ಅದರ ಮೇಲೆ ಹರವಿದೆ. ಒಣಗುತ್ತಿದ್ದ ಹಾಗೆ ಅದರ ಅಂಚು ನೆಲಕ್ಕೆ ಇಳಿಬಿದ್ದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ, ಕೂಗು ಕೇಳಲಿಲ್ಲ. ಇಣುಕಿದೆ. ಬಾತು ಕೌದಿಯ ಅಂಚಿಗೆ ಮೈ ಆನಿಸಿ ಕೂತು, ಪಕ್ಕದ ಬುಟ್ಟಿಯಿಂದ ನುಚ್ಚು ತಿನ್ನುತ್ತಿತ್ತು. ಇಷ್ಟು ಸಂಜೆಗಳಲ್ಲಿ ನಾನು ಹೊದ್ದ ಕೌದಿಯೂ ಅದಕ್ಕೆ ನಾನೇ ಆಗಿಬಿಟ್ಟಿತ್ತು.

ಕೌದಿಯನ್ನು ಯಾರಾದರೂ ಹೊದ್ದು, ನುಚ್ಚು ಹಾಕುತ್ತ ಬಿಸಿಲಿನಲ್ಲಿ ಕೂತರೆ ಸಾಕಿತ್ತು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ. ಆ ಕೌದಿಯನ್ನು ಅವರು ನನ್ನ ಮದುವೆಯಾದಾಗಿನಿಂದ ಮುಟ್ಟಿರಲಿಲ್ಲ. "ಮಂದಿ ಉಟ್ಟು ಬಿಟ್ಟ ಸೀರಿ ನಾ ಹೊದಿಯಾಂಗಿಲ್ಲ," ಎಂದು ಮೊದಲ ದಿನವೇ ಹೇಳಿದ್ದರು. ಅವರನ್ನು ಕೇಳುವ ಧೈರ್ಯ ನನಗೆ ಇರಲಿಲ್ಲ. ದೇವರಿಗೆ ಹೇಳಿಕೊಂಡೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡೆನೇನೋ, ನಡುಮನೆಗೆ ಕೇಳುವಷ್ಟು.

ಮರುದಿನ ಬೆಳಿಗ್ಗೆ ಅತ್ತೆ ಕೋಲು ಊರುತ್ತ ಹಿತ್ತಲಿಗೆ ಬಂದರು. ಚಳಿಗಾಲ ಶುರುವಾದ ಮೇಲೆ ಅವರು ಅಷ್ಟು ದೂರ ಬಿಸಿಲಿಗೆ ಬಂದದ್ದೇ ಮೊದಲು. ಹೊರಸಿನ ಮೇಲೆ ಕೂತು, ಕೌದಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿ, ಮೊಣಕಾಲ ಮೇಲೆ ಎಳೆದುಕೊಂಡರು. "ತಾ ಇಲ್ಲಿ ಆ ನುಚ್ಚಿನ ಬುಟ್ಟಿ."

ಬಾತು ಅವರನ್ನು ಕಂಡು ಹಿಸ್ ಎಂದಿತು. ಅವರೂ ಕೋಲು ತೋರಿಸಿ ಹಿಸ್ ಎಂದರು. ಅದು ಸುತ್ತು ಹಾಕಿತು, ಕೌದಿಯ ಒಂದು ಹಸಿರು ತುಂಡನ್ನು ಕೊಕ್ಕಿನಿಂದ ಎಳೆಯಿತು, ಮತ್ತೆ ನೋಡಿತು. ಆಮೇಲೆ ಅವರ ಪಾದದ ಹತ್ತಿರ ಕೂತುಬಿಟ್ಟಿತು.

"ಇಷ್ಟು ದಿನ ಭಂಡಾರ ಹಾಕಿದವಳು ನಾನು," ಎಂದರು ಅತ್ತೆ. "ಇದಕ್ಕ ನಿಮ್ಮವ್ವನ ಸೀರಿ ಬೇಕಾಗಿತ್ತು."

ಅವರು ಮೊಣಕಾಲು ನೀವಿಕೊಂಡರು. "ಬಿಸಿಲು ಹಿತ ಐತಿ ಬಿಡು. ಹೋಗಿ ಬಾ. ಲಗೂ ಬಾ."

ಅಣ್ಣ ಕರೆಯಲು ಬಂದ ದಿನ ಅತ್ತೆ ಹಿತ್ತಲಿನಿಂದಲೇ ಕಿವಿಗೊಟ್ಟು ಕೂತಿದ್ದರು. ನಾನು ಹೊಸ್ತಿಲು ದಾಟಿದೆ. ಯಾರೂ ಸೀನಲಿಲ್ಲ, ಯಾರೂ ಕೂಗಲಿಲ್ಲ. ಅದೇ ಪ್ಯಾಸೆಂಜರ್ ಗಾಡಿ. ಒಳಗೆ ಕೂತವರಿಗೆ ಸೀಟಿ ಅಷ್ಟು ಜೋರಾಗಿ ಕೇಳುವುದಿಲ್ಲ ಎಂದು ಅಂದು ಗೊತ್ತಾಯಿತು.

ಹಾವೇರಿಯಲ್ಲಿ ಆಪರೇಶನ್ನು ಸರಿಯಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅವ್ವ ಮೊದಲು ಮೇಲಿನ ಫ್ಯಾನು ನೋಡಿದಳು, ಆಮೇಲೆ ನನ್ನನ್ನು. "ಎಷ್ಟು ಕಪ್ಪಾಗೀದಿ," ಎಂದಳು. ನಾನು ಕಪ್ಪಾಗಿದ್ದು ಅವಳಿಗೆ ಕಾಣಿಸಿತಲ್ಲ ಎಂದು ಅಲ್ಲಿಯೇ ಕೈ ಮುಗಿದೆ. ಕರ್ಜಗಿಗೆ ಬಂದು ಅವಳ ಕಣ್ಣಿಗೆ ಔಷಧ ಹಾಕುತ್ತ, ಅಂಗಳದಲ್ಲಿ ಕಾಳು ಹಸನು ಮಾಡುತ್ತ ದಿನ ಹೋದವು. ಒಂದು ದಿನ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡಿ ಇವರನ್ನು ಕೇಳಿದೆ.

"ಅದು ಅವ್ವನ ಹೊರಸು ಬಿಟ್ಟು ಏಳವಲ್ದು," ಎಂದರು. "ಅವ್ವ ಅದನ್ನ ಬಿಟ್ಟು ಏಳವಲ್ಲಳು. ಅಡಗಿ ನಾನ ಮಾಡಾಕತ್ತೇನಿ. ನೀ ಬರೂದು ಯಾವಾಗ?"

ಬ್ಯಾಡಗಿಗೆ ತಿರುಗಿ ಬಂದ ದಿನ ಪೇಟೆ ತುಂಬ ಹರವಿದ ಕಾಯಿ. ಸ್ಟೇಷನ್ನಿನಿಂದ ಬರುತ್ತ ಬರುತ್ತ ನನ್ನ ಮೂಗು ಉರಿಯತೊಡಗಿತು. ಇಷ್ಟು ವರ್ಷದಲ್ಲಿ ಎಂದೂ ಉರಿದಿರಲಿಲ್ಲ. ಅಣ್ಣ ಓಣಿಯ ತುದಿಯ ತನಕ ಬಿಟ್ಟು ಪೇಟೆಗೆ ಹೋದ. ನಮ್ಮ ಮನೆಯ ಕಿಟಕಿಗಳು ಹಾಗೆಯೇ ಮುಚ್ಚಿದ್ದವು, ಬಾಗಿಲು ಅರ್ಧ ತೆರೆದಿತ್ತು. ಹಿತ್ತಲಿನಲ್ಲಿ ಅತ್ತೆ ಬಾತಿಗೆ ಬೈಯುವುದು ಕೇಳುತ್ತಿತ್ತು, ಅದು ತಿರುಗಿ ಏನೋ ಅನ್ನುವುದೂ. ನಾನು ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಸೀನಿದೆ.

"ಯಾರದು?" ಎಂದು ಹಿತ್ತಲಿನಿಂದ ಅತ್ತೆಯ ದನಿ ಬಂತು. "ಊರ ಹೊರಗಿನವರ ಸೀನು ಅದು."

"ನಾನ್ರಿ ಅತ್ತಿ."

"ಕರ್ಜಗಿ ಮೂಗು ತಂದೀಯೇನು? ಒಂಟಿ ಸೀನು ಸೀನಿ ಒಳಗ ಬರಬ್ಯಾಡ. ಅಲ್ಲೇ ನಿಂತು ಇನ್ನೊಂದು ಸೀನು, ಆಮ್ಯಾಲೆ ಬಾ."

ನಾನು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು ಮೆಟ್ಟಿಲ ಮೇಲೆ ನಿಂತೆ. ಕೈಯಲ್ಲಿ ಬಟ್ಟೆಯ ಚೀಲ ಇತ್ತು, ಅದನ್ನು ಕೆಳಗಿಟ್ಟೆ. ಓಣಿಯಲ್ಲಿ ಆಪಾ ತನ್ನ ಕೋಳಿಗಳನ್ನು ಕರೆಯುತ್ತಿದ್ದಳು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಎರಡನೆಯ ಸೀನು ಇನ್ನೂ ಬರಲಿಲ್ಲ. ನಾನೂ ಅದಕ್ಕೆ ಅವಸರ ಮಾಡಲಿಲ್ಲ.